ಅಂಗಳದಡಿಯ ಅಸ್ಥಿಗಳು

ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಬಂಗಲೆಯೊಂದರ ಅಂಗಳವನ್ನು 1994ರ ಮಾರ್ಚ್ 30ರಂದು ಪೊಲೀಸರು ಅಗೆಸಿದರು. ಹಾಸುಗಲ್ಲುಗಳ ಕೆಳಗೆ ದೊಡ್ಡದೊಂದು ಮರದ ಪೆಟ್ಟಿಗೆಯಿದ್ದಿತು. ಅದರೊಳಗೆ ಮನುಷ್ಯನ ಅಸ್ಥಿಪಂಜರ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರೆ ಖಲೀಲಿ 1991ರಿಂದ ಕಾಣೆಯಾಗಿದ್ದರು. ವಿಚಾರಿಸಿದವರಿಗೆ ಆಕೆಯ ಎರಡನೆಯ ಪತಿ ಶ್ರದ್ಧಾನಂದನು ಏನಾದರೊಂದು ನೆಪ ಹೇಳುತ್ತಿದ್ದನು. 1992ರಲ್ಲಿ ಮಗಳೊಬ್ಬಳು ದೂರಿತ್ತಳು.

ಆಕೆಯ ಅಪಾರ ಆಸ್ತಿಯ ಮುಖ್ತಿಯಾರ್ ಪತ್ರ ಅವನ ಕೈಯಲ್ಲಿದ್ದಿತು. ಕೊಟ್ಟವರು ಸತ್ತೊಡನೆ ಇಂಥ ಪತ್ರ ಸಾಮಾನ್ಯವಾಗಿ ನಿರರ್ಥಕವಾಗುತ್ತದೆ. ಆದುದರಿಂದ ಆಕೆ ಜೀವಂತಳೆಂದು ತೋರುತ್ತಿರುವುದೇ ಅವನಿಗೆ ಲಾಭ. ತನಿಖೆಗೆ ಇದು ಒಳ್ಳೆಯ ಸುಳಿವು. ಆದರೆ ಸುಳಿವು ಸಾಕ್ಷ್ಯವಲ್ಲ. ಈ ಮೂಳೆಗಳು ಆಕೆಯವೇ ಎಂದು ಹೇಳುವುದು ಹೇಗೆ?

ಕಟಿಯ ಮೂಳೆ ಹೆಣ್ಣೋ ಗಂಡೋ ಎಂಬುದನ್ನು ತಿಳಿಸುತ್ತದೆ, ಹೆಸರನ್ನು ತಿಳಿಸದು. ಅದಕ್ಕಾಗಿ ವಿಜ್ಞಾನಿಗಳು ಬುರುಡೆಯ ಛಾಯಾಚಿತ್ರವನ್ನು ವ್ಯಕ್ತಿಯ ಭಾವಚಿತ್ರದ ಮೇಲೆ ಹೊಂದಿಸಿ ನೋಡುತ್ತಾರೆ. ಇದು ಹೆಸರಾದುದು 1936ರಲ್ಲಿ, ಬ್ರಿಟನ್ನಿನ ಡಾಕ್ಟರ್ ರಕ್ಸ್‌ಟನ್ನನ ಮೊಕದ್ದಮೆಯಲ್ಲಿ. ಹೆಂಡತಿಯನ್ನೂ ದಾದಿಯನ್ನೂ ಕೊಂದು, ತುಂಡರಿಸಿ, ಸ್ಕಾಟ್ಲೆಂಡಿನ ಮಾಫಟ್ ಬಳಿಯ ಕೊರಕಲಿಗೆ ಎಸೆದಿದ್ದನವನು. ಗ್ಲೇಸ್ಟರ್ ಮತ್ತು ಬ್ರಾಷ್ ಎಂಬ ಪ್ರಾಧ್ಯಾಪಕರು, ಭಾವಚಿತ್ರದಲ್ಲಿ ಹೆಂಡತಿ ಧರಿಸಿದ್ದ ಶಿರೋಭೂಷಣವನ್ನೇ ಅಳತೆಗೋಲಾಗಿಸಿಕೊಂಡು ಚಿತ್ರವನ್ನು ನಿಜಗಾತ್ರಕ್ಕೆ ಹಿಗ್ಗಿಸಿದರು! ಆದರೆ ಈ ವಿಧಾನಕ್ಕೆ ಮಿತಿಯುಂಟು. ರೇಖೆಗಳು ಹೊಂದದಿದ್ದರೆ 'ಅಲ್ಲ' ಎನ್ನಬಹುದು. ಹೊಂದಿದರೆ 'ಇರಬಹುದು' ಎನ್ನುವುದಷ್ಟೇ ನ್ಯಾಯ ಎಂದು ನಮ್ಮ ಮತ.

ಆ ಕೊರತೆಯನ್ನು ತುಂಬಿದುದು ಡಿಎನ್‌ಎ. 1984ರಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್, ಈ ಅಣುವಿನಲ್ಲಿ ಮರುಕಳಿಸುವ ಕೆಲವು ತುಣುಕುಗಳ ವಿನ್ಯಾಸ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯೆಂದು ಕಂಡರು. ಮಗುವಿನ ವಿನ್ಯಾಸದಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಹೀಗಾಗಿ ಸತ್ತವರ ರಕ್ತ ದೊರೆಯದಿದ್ದರೂ ಚಿಂತೆಯಿಲ್ಲ. ಬದುಕಿರುವ ತಾಯಿಯ ಇಲ್ಲವೇ ಮಕ್ಕಳ ರಕ್ತದೊಡನೆ ಹೋಲಿಸಬಹುದು. ಮಾಂಸ ಕೊಳೆತು ಹೋದರೂ ಹಲ್ಲಿನ ಒಳಗೂ ಗಟ್ಟಿ ಮೂಳೆಯಲ್ಲಿಯೂ ಡಿಎನ್‌ಎ ವರ್ಷಗಟ್ಟಲೆ ಉಳಿದೀತು. ನೀರು, ಬಿಸಿ, ಸೂಕ್ಷ್ಮಾಣುಗಳು ಮಾತ್ರ ಅದರ ವೈರಿಗಳು.

ರಿಚ್‌ಮಂಡ್ ರಸ್ತೆಯ ಅಸ್ಥಿಗಳಿಗೆ ಈ ಎರಡು ಪರೀಕ್ಷೆಗಳೂ ನಡೆದುವು. ಅವು ಶಾಕಿರೆಯವರವೇ ಎಂದು ನ್ಯಾಯಾಲಯ ಒಪ್ಪಿತು. ಶ್ರದ್ಧಾನಂದನಿಗೆ 2005ರಲ್ಲಿ ಮರಣದಂಡನೆಯಾಯಿತು. 2008ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದನ್ನು, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವಾಗಿ ಮಾರ್ಪಡಿಸಿತು.