ಗೋಧಿಯ ನಂಜುರೋಗಕ್ಕೆ ಕ್ಯಾಮೆರಾ ಕಣ್ಗಾವಲು

ಅಮೆರಿಕದ ಟೆಕ್ಸಾಸ್ ರಾಜ್ಯದ ಉತ್ತರ ತುದಿಯಲ್ಲಿರುವ ಪ್ಯಾನ್‌ಹ್ಯಾಂಡಲ್ ಬಯಲಿನಲ್ಲಿ ನೀರಾವರಿ ಗೋಧಿಗೆ ಓಗಲಾಲ ಅಂತರ್ಜಲವೇ ಆಸರೆ. ಎಂಟು ರಾಜ್ಯಗಳ ನೆಲದಡಿ ಹರಡಿರುವ ಈ ಭಂಡಾರದಿಂದ ಅಲ್ಲಿನ ರೈತರು ಮೇಲೆತ್ತುವಷ್ಟು ನೀರನ್ನು ಮಳೆ ಮರಳಿ ತುಂಬುವುದಿಲ್ಲ. ಅಂಥ ನೀರನ್ನು ಕಾಳು ಕಟ್ಟಲಾರದ ಪೈರಿಗೆ ಹರಿಸಿದರೆ ಬೆಳೆಯೂ ಹೋಯಿತು, ನೀರೂ ಹೋಯಿತು.

ಹೀಗೆ ಪೈರನ್ನು ಸೊರಗಿಸುವ ರೋಗಗಳಲ್ಲಿ ಮುಖ್ಯವಾದದ್ದು ವೀಟ್ ಸ್ಟ್ರೀಕ್ ಮೊಸಾಯಿಕ್. ಎಲೆಯುದ್ದಕ್ಕೂ ಹಳದಿ ಗೀರುಗಳು ಮೂಡುತ್ತವೆ, ಗಿಡ ಗಿಡ್ಡಗಾಗುತ್ತದೆ. ಈ ರೋಗ ತರುವ ವೈರಸ್ಸನ್ನು ಹರಡುವುದು ಸುಮಾರು ಕಾಲು ಮಿಲಿಮೀಟರ್ ಉದ್ದದ ನುಸಿ. ರೆಕ್ಕೆಯಿಲ್ಲದ ಈ ನುಸಿಯನ್ನು ಗಾಳಿಯೇ ಹೊಲದಿಂದ ಹೊಲಕ್ಕೆ ಒಯ್ಯುತ್ತದೆ. ಕೊಯ್ಲಿನಲ್ಲಿ ಉದುರಿದ ಕಾಳಿನಿಂದ ತಾನಾಗಿ ಹುಟ್ಟಿದ ಗೋಧಿ ಅದಕ್ಕೆ ಬೇಸಿಗೆಯ ಆಶ್ರಯ. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧ ಇಲ್ಲ.

ಹಾಗಾಗಿ ರೋಗವನ್ನು ಬೇಗ ಗುರುತಿಸಬೇಕು; ಇಲ್ಲಿ ಕ್ಯಾಮೆರಾ ನೆರವಿಗೆ ಬರುತ್ತದೆ. ಆರೋಗ್ಯವಂತ ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಮೀಪದ ಅವಗೆಂಪು ಕಿರಣಗಳನ್ನು ಎಲೆ ಹೆಚ್ಚಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ರೋಗ ಬಲಿತಂತೆ ಈ ಲೆಕ್ಕ ತಿರುಗುತ್ತದೆ. ಇವೆರಡರ ಅನುಪಾತದಿಂದ ಹಸಿರನ್ನು ಅಳೆಯುವ ‘ಎನ್‌ಡಿವಿಐ’ ಸೂಚ್ಯಂಕ ಬಳಕೆಗೆ ಬಂದದ್ದೂ 1970ರ ದಶಕದಲ್ಲಿ, ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರು ಪ್ಯಾನ್‌ಹ್ಯಾಂಡಲ್ ಕೂಡ ಸೇರಿರುವ ಮಹಾಬಯಲಿನ (ಗ್ರೇಟ್ ಪ್ಲೇನ್ಸ್) ಉಪಗ್ರಹ ಚಿತ್ರಗಳನ್ನು ಅಧ್ಯಯನ ಮಾಡಿದಾಗ. ಇಂದು ಡ್ರೋನ್‌ಗಳಿಂದಲೂ ಹೀಗೆ ಅಳೆಯಬಹುದು.

ಆದರೆ ಚಿತ್ರದಲ್ಲಿ ಕಾಣುವುದು ಎಲೆಯ ಸಂಕಟವೇ ಹೊರತು ವೈರಸ್ ಅಲ್ಲ. ಸಾರಜನಕದ ಕೊರತೆಗೂ ಬರಕ್ಕೂ ಎಲೆ ಹಳದಿಯಾಗುತ್ತದೆ. ಹಾಗಾಗಿ ರೋಗದ ಹರವನ್ನೂ ಗಮನಿಸಬೇಕು: ನುಸಿ ಗಾಳಿಯೊಂದಿಗೆ ಬಂದ ಅಂಚಿನಲ್ಲಿ ರೋಗ ದಟ್ಟವಾಗಿದ್ದು, ಒಳಹೊಲದ ಕಡೆಗೆ ವಿರಳವಾಗುತ್ತದೆ. ಅಂಥ ಜಾಗದ ಎಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲಷ್ಟೇ ತೀರ್ಮಾನ.

ಈ ರೋಗ ಬೇರನ್ನೂ ಕುಗ್ಗಿಸುತ್ತದೆ, ನೀರನ್ನು ಕಾಳಾಗಿಸುವ ಗಿಡದ ಶಕ್ತಿಯನ್ನು ಕಸಿಯುತ್ತದೆ. ಆದ್ದರಿಂದ ತೀವ್ರವಾಗಿ ಸೋಂಕಿದ ಭಾಗವನ್ನು ಮೊದಲೇ ಗುರುತಿಸಿದ ರೈತ ಅಲ್ಲಿಗೆ ನೀರು ನಿಲ್ಲಿಸಬಹುದು, ಪೈರನ್ನು ದನಗಳಿಗೆ ಮೇಯಿಸಬಹುದು. ಚಿತ್ರತಂತ್ರಜ್ಞಾನದ ನಿಜವಾದ ಬೆಲೆ ಈ ನಿರ್ಧಾರದಲ್ಲಿದೆ.

ಹಾಗೆಂದು ಕ್ಯಾಮೆರಾವನ್ನೇ ನೆಚ್ಚಿ ಕೂರುವಂತಿಲ್ಲ. ಬಿತ್ತನೆಗೆ ಕನಿಷ್ಠ ಎರಡು ವಾರ ಮುಂಚೆ, ತಾನಾಗಿ ಹುಟ್ಟಿದ ಗೋಧಿಯನ್ನು ಸಂಪೂರ್ಣ ನಾಶ ಮಾಡುವುದೇ ಈ ರೋಗ ತಡೆಯುವ ಮೊದಲ ಹೆಜ್ಜೆ.