ಸ್ವಲೀನತೆಯ ಸಂಶೋಧನೆಯೂ ಪದವಿ ವಿದ್ಯಾರ್ಥಿಗಳ ಬೇಸಗೆಯ ವೇತನವೂ

ಸ್ವಲೀನತೆ ಅಥವಾ ಆಟಿಸಂ ಎಂಬುದು ಎಳೆತನದಲ್ಲಿಯೇ ತಲೆದೋರಿ ಬಾಳಿನುದ್ದಕ್ಕೂ ಉಳಿಯುವ ಒಂದು ಬೆಳವಣಿಗೆಯ ಭೇದ. ಮಾತು, ನೋಟ, ಸನ್ನೆಗಳಿಂದ ಇತರರೊಡನೆ ವ್ಯವಹರಿಸುವ ರೀತಿಯಲ್ಲಿ ವ್ಯತ್ಯಾಸ, ಒಂದೇ ಬಗೆಯ ನಡೆವಳಿಕೆಯ ಪುನರಾವೃತ್ತಿ, ಮಾರ್ಪಾಟನ್ನು ಸಹಿಸದಿರುವಿಕೆ, ಇವು ಅದರ ಮುಖ್ಯಲಕ್ಷಣಗಳು. ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಅವರು ೧೯೪೩ರಲ್ಲಿ ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದುದೇ ಈ ವಿಷಯದ ಅಭ್ಯಾಸಕ್ಕೆ ಮುಖ್ಯ ಆಧಾರವಾಯಿತು. ಇದನ್ನು ಕುರಿತು ಸಂಶೋಧನೆ ಮಾಡುವುದಕ್ಕಾಗಿ, ಇನ್ನೂ ಪದವಿಯನ್ನು ಪಡೆಯದ ವಿದ್ಯಾರ್ಥಿಗಳಿಗೆ ಬೇಸಗೆಯಲ್ಲಿ ಧನಸಹಾಯವನ್ನು ಕೊಡುವ ಪದ್ಧತಿಯೊಂದು ಅಮೆರಿಕ ದೇಶದಲ್ಲಿ ಬೆಳೆದುಬಂದಿದೆ. ಆ ಪದ್ಧತಿಯ ಸ್ವರೂಪವನ್ನೂ, ಅಷ್ಟು ಅಲ್ಪಕಾಲದ ಕೆಲಸದಿಂದ ಆಗತಕ್ಕ ಪ್ರಯೋಜನವನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಆ ದೇಶದ ಬಡ ವಿದ್ಯಾರ್ಥಿಯು ಬೇಸಗೆಯ ರಜೆಯಲ್ಲಿ ಎಲ್ಲಿಯಾದರೂ ದುಡಿದು ಮುಂದಿನ ವರ್ಷದ ವೆಚ್ಚಕ್ಕೆ ಹಣವನ್ನು ಕೂಡಿಸಬೇಕಾಗುವುದು. ಅನುಕೂಲಸ್ಥರ ಮಕ್ಕಳಿಗಾದರೋ ಸಂಬಳವಿಲ್ಲದೆಯೇ ಪ್ರಯೋಗಶಾಲೆಯಲ್ಲಿ ಕೆಲಸ ಕಲಿಯುವುದು ಸಾಧ್ಯ. ವೇತನವಿಲ್ಲದಿದ್ದರೆ ಸಂಶೋಧನೆಯ ಬಾಗಿಲು ಬುದ್ಧಿಯುಳ್ಳವರಿಗೆ ತೆರೆಯದೆ ಹಣವುಳ್ಳವರಿಗೆ ಮಾತ್ರ ತೆರೆಯುವುದು. ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಯಲ್ಲಿ ತೊಡಗಿಸುವ ಯೋಜನೆಯನ್ನು ಮಸಾಚುಸೆಟ್ಸಿನ ಎಂ.ಐ.ಟಿ. ಸಂಸ್ಥೆಯು ೧೯೬೯ರಲ್ಲಿಯೂ, ಬೇಸಗೆಯ ಸಂಶೋಧನೆಗೆಂದೇ ವೇತನವನ್ನು ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯು ೧೯೭೯ರಲ್ಲಿಯೂ ಆರಂಭಿಸಿದುವು. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ೧೯೮೭ರಿಂದ ಅನೇಕ ವಿಶ್ವವಿದ್ಯಾನಿಲಯಗಳಿಗೆ ಇದೇ ಉದ್ದೇಶಕ್ಕಾಗಿ ಧನವನ್ನು ಒದಗಿಸುತ್ತ ಬಂದಿದೆ. ಸ್ವಲೀನತೆಗೇ ಮೀಸಲಾದ ಸಹಾಯವನ್ನು ಕೊಡುವ ಸಂಸ್ಥೆಗಳಲ್ಲಿ ೧೯೯೮ರ ಲಸಿಕೆಯ ವಿವಾದದ ತರುವಾಯ ೨೦೦೯ರಲ್ಲಿ ಸ್ಥಾಪಿತವಾದ ಆಟಿಸಂ ಸೈನ್ಸ್ ಫೌಂಡೇಷನ್ ಗಮನಾರ್ಹವಾದುದು. ಇದು ದಾನಿಗಳ ಹಣದಿಂದ ನಡೆಯುವ ಸಂಸ್ಥೆ. ಇಲ್ಲಿ ವಿದ್ಯಾರ್ಥಿಯು ನುರಿತ ಸಂಶೋಧಕರೊಬ್ಬರ ಮಾರ್ಗದರ್ಶನದಲ್ಲಿ ಕೆಲಸ ಮಾಡತಕ್ಕದ್ದು.

ಎಂಟು ಹತ್ತು ವಾರಗಳಲ್ಲಿ ಏನಾದೀತು ಎಂಬ ಶಂಕೆಯು ಸಹಜವಾದುದು. ಹೊಸದಾಗಿ ಕುಟುಂಬಗಳನ್ನು ಹುಡುಕಿ, ಅವರ ಒಪ್ಪಿಗೆಯನ್ನೂ ನೀತಿಸಮಿತಿಯ ಅನುಮತಿಯನ್ನೂ ಪಡೆದು ಪರೀಕ್ಷಿಸುವುದಕ್ಕೆ ಆ ಅವಧಿಯು ಸಾಲದು. ಆದರೆ ಈ ಶಾಸ್ತ್ರದಲ್ಲಿ ಈಗಾಗಲೇ ಸಂಗ್ರಹವಾದ ಸಾಮಗ್ರಿಯು ಅಪಾರವಾಗಿರುವುದು. ಸೈಮನ್ಸ್ ಪ್ರತಿಷ್ಠಾನದ ಒಂದು ಸಂಗ್ರಹದಲ್ಲಿಯೇ ಸುಮಾರು ೨,೬೦೦ ಕುಟುಂಬಗಳ ವಿವರಗಳುಂಟು. ಇಂತಹ ಸಾಮಗ್ರಿಯಿಂದ ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಂಡು ಉತ್ತರಿಸುವುದು ವಿದ್ಯಾರ್ಥಿಗೆ ಅಸಾಧ್ಯವಲ್ಲ.

ಕೆಲಸದ ಬಗೆಗೆ ಒಂದು ನಿದರ್ಶನವನ್ನು ಕೊಡಬಹುದು. ೧೯೯೪ರಲ್ಲಿ ಆಸ್ಟರ್ಲಿಂಗ್ ಮತ್ತು ಡಾಸನ್ ಎಂಬ ಸಂಶೋಧಕಿಯರು, ಮಕ್ಕಳ ಮೊದಲನೆಯ ಹುಟ್ಟುಹಬ್ಬದಂದು ಮನೆಯವರೇ ತೆಗೆದಿದ್ದ ಚಲಚ್ಚಿತ್ರಗಳನ್ನು ಪರೀಕ್ಷಿಸಿದರು. ೧೧ ಮಕ್ಕಳು ಮುಂದೆ ಸ್ವಲೀನತೆಯುಳ್ಳವರೆಂದು ಗೊತ್ತಾದವರು. ೧೧ ಮಕ್ಕಳು ಸಾಮಾನ್ಯರು. ಯಾವ ಮಗುವು ಯಾವ ಗುಂಪಿನದೆಂದು ತಿಳಿಯದವರು ಚಿತ್ರಗಳನ್ನು ನೋಡಿ, ಮಗುವು ಇತರರ ಮುಖವನ್ನು ಎಷ್ಟು ಸಲ ನೋಡಿತು, ಹೆಸರು ಹಿಡಿದು ಕರೆದಾಗ ತಿರುಗಿತೇ ಎಂಬುದನ್ನು ಗುರುತುಹಾಕಿದರು. ಭೇದವು ಮೊದಲನೆಯ ವರ್ಷಕ್ಕೇ ಕಾಣುವುದೆಂದು ಇದರಿಂದ ಗೊತ್ತಾಯಿತು. ಇಂತಹ ಕೆಲಸದಲ್ಲಿ ಬೇಕಾದುದು ತಾಳ್ಮೆ ಮತ್ತು ನಿಷ್ಪಕ್ಷಪಾತ. ಇಬ್ಬರು ಬೇರೆ ಬೇರೆಯಾಗಿ ಗುರುತುಹಾಕಿ, ಬಳಿಕ ಹೋಲಿಸಿ, ಭಿನ್ನಾಭಿಪ್ರಾಯವನ್ನು ಲೆಕ್ಕಕ್ಕೆ ತರುವ ಶಿಸ್ತನ್ನು ವಿದ್ಯಾರ್ಥಿಯು ಒಂದು ಬೇಸಗೆಯಲ್ಲಿ ಕಲಿಯಬಲ್ಲನು.

ಈ ಶಿಸ್ತು ಇಲ್ಲದಿದ್ದುದರಿಂದ ಆದ ಹಾನಿಯು ಅಲ್ಪವಲ್ಲ. ತಾಯಿಯ ವಾತ್ಸಲ್ಯದ ಕೊರತೆಯಿಂದ ಸ್ವಲೀನತೆಯು ಬರುವುದೆಂಬ ಮತವು ಸರಿಯಾದ ಪ್ರಮಾಣವಿಲ್ಲದೆ ಬಹುಕಾಲ ಪ್ರಚಾರದಲ್ಲಿದ್ದು ಅಸಂಖ್ಯ ತಾಯಂದಿರನ್ನು ನೋಯಿಸಿತು. ೧೯೬೪ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಅವರು ಅದನ್ನು ಖಂಡಿಸಿದರು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಅವರು ೨೧ ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಏಕರೂಪದ ೧೧ ಜೋಡಿಗಳ ಪೈಕಿ ೪ರಲ್ಲಿ ಇಬ್ಬರಿಗೂ ಸ್ವಲೀನತೆಯಿದ್ದಿತು. ಭಿನ್ನರೂಪದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಅನುವಂಶಿಕತೆಯ ಪಾತ್ರವು ಹೀಗೆ ಸ್ಪಷ್ಟವಾಯಿತು. ಇದಕ್ಕೆ ಪ್ರತಿಯಾಗಿ, ೧೯೯೮ರಲ್ಲಿ ೧೨ ಮಕ್ಕಳನ್ನು ಆಧಾರಮಾಡಿಕೊಂಡು ಲಸಿಕೆಯ ಮೇಲೆ ಸಂಶಯವನ್ನು ಎಬ್ಬಿಸಿದ ಲೇಖನವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಮಕ್ಕಳನ್ನು ಆರಿಸಿದ ಬಗೆಯ ಹೇಳಿಕೆಯೇ ಸುಳ್ಳೆಂದು ತಿಳಿದು ೨೦೧೦ರಲ್ಲಿ ಪತ್ರಿಕೆಯು ಅದನ್ನು ಹಿಂತೆಗೆದುಕೊಂಡಿತು. ಎರಡು ಪರೀಕ್ಷೆಗಳೂ ಗಾತ್ರದಲ್ಲಿ ಸಣ್ಣವೇ. ಒಂದು ನಿಂತಿತು, ಒಂದು ಬಿದ್ದಿತು. ಆದುದರಿಂದ ಕೆಲಸವು ಸಣ್ಣದಾಗಿರುವುದು ದೋಷವಲ್ಲ, ಅಶುದ್ಧವಾಗಿರುವುದು ದೋಷ. ಆ ಹಣವನ್ನು ಮಕ್ಕಳ ಪಾಲನೆಗೇ ಕೊಡಬಾರದೇ ಎಂಬ ಆಕ್ಷೇಪಕ್ಕೆ ಬಲವುಂಟು; ಪಾಲನೆಗೆ ಬೇಕಾದುದನ್ನು ಯಾರೂ ಕಡಮೆಮಾಡಲಾಗದು. ಆದರೆ ತಪ್ಪು ತಿಳಿವಳಿಕೆಯ ಬೆಲೆಯನ್ನು ತೆತ್ತವರೂ ಅದೇ ಕುಟುಂಬಗಳೆಂಬುದನ್ನು ಮರೆಯಲಾಗದು.

ನಮ್ಮ ನಾಡಿಗೂ ಈ ವಿಷಯಕ್ಕೆ ಸಂಬಂಧವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ಸೇರಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಎರಡು ತಿಂಗಳ ಬೇಸಗೆಯ ವೇತನವನ್ನು ಕೊಡುತ್ತ ಬಂದಿದೆ. ಅದು ವಿಜ್ಞಾನದ ವಿಷಯಗಳಿಗೆ ಸಂಬಂಧಪಟ್ಟುದು. ಆದರೆ ಸ್ವಲೀನತೆಯಲ್ಲಿ ಭಾಷೆಯ ಪ್ರಶ್ನೆಗಳೂ ಇರುವುವು. ಈ ಮಕ್ಕಳಲ್ಲಿ ಕೆಲವರು ತಮ್ಮನ್ನು ‘ನೀನು’ ಎಂದು ಹೇಳಿಕೊಳ್ಳುವುದನ್ನು ಕ್ಯಾನರ್ ಅವರು ಗುರುತಿಸಿದ್ದರು. ಇಂಗ್ಲಿಷಿನಲ್ಲಿ ಇದು ಕೂಡಲೆ ಕಿವಿಗೆ ಬೀಳುವುದು. ಕನ್ನಡದಲ್ಲಿ ಮಗುವು ‘ಹಾಲು ಬೇಕು’ ಎಂದರೆ ಸರ್ವನಾಮವೇ ಇಲ್ಲ, ಕ್ರಿಯೆಯಲ್ಲಿ ಪುರುಷಭೇದವೂ ಇಲ್ಲ. ಮೈಸೂರು ಕಡೆಯ ಆಡುಮಾತಿನಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎಂಬೆರಡರಲ್ಲಿಯೂ ಕ್ರಿಯಾರೂಪವು ಒಂದೇ. ‘ಬರ್ತೀನಿ’, ‘ಬರ್ತೀಯ’ ಎಂಬಲ್ಲಿ ಮಾತ್ರ ಭೇದವು ತಿಳಿಯುವುದು. ಆದಕಾರಣ ಇಂಗ್ಲಿಷಿಗಾಗಿ ರಚಿಸಿದ ಪರೀಕ್ಷೆಯನ್ನು ಪದಶಃ ಅನುವಾದಿಸಿದರೆ ಕನ್ನಡದ ಮಗುವಿನ ಸ್ಥಿತಿಯು ತಪ್ಪಾಗಿ ತಿಳಿಯುವ ಸಂಭವವುಂಟು. ಇದನ್ನು ಸರಿಯಾಗಿ ನೋಡಬಲ್ಲವನು ಕನ್ನಡ ವ್ಯಾಕರಣವನ್ನು ಬಲ್ಲ ವಿದ್ಯಾರ್ಥಿಯೇ. ವೈದ್ಯರ ಜೊತೆಯಲ್ಲಿ ಅವನು ಒಂದು ಬೇಸಗೆಯನ್ನು ಕಳೆಯುವಂತೆ ವೇತನವೊಂದು ಏರ್ಪಟ್ಟರೆ, ಶಾಸ್ತ್ರಕ್ಕೂ ಮಕ್ಕಳಿಗೂ ಆಗುವ ಲಾಭವು ವೆಚ್ಚಕ್ಕಿಂತ ಮಿಗಿಲಾದೀತು. ಅಂತಹ ವಿದ್ಯಾರ್ಥಿಗಳನ್ನು ಗುರುತಿಸಿ ಕಳುಹಿಸತಕ್ಕವರು ಸಾಹಿತ್ಯದ ಅಧ್ಯಾಪಕರೇ ಆಗಿರುವರು.