ಮೊದಲನೇ ಮಗು ಯಾವಾಗ? ನೀವ ಹೇಳ್ರಿ

ಹೊಸದಾಗಿ ಮದುವಿ ಆಗೇತಿ.
ಈಗ ಮಗು ಬ್ಯಾಡ ಅನಿಸ್ತೈತಿ.
ಯಾರನ್ನ ಕೇಳೂದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ...
ನಮ್ಮ ಹಳ್ಯಾಗ ಎಲ್ಲಾರಿಗೂ ಗೊತ್ತಿರೂದು ಒಂದ ಹೆಸರು, ಆಪರೇಶನ್.
ಅದೂ ಹೆಂಗಸರಿಗೆ.
ಕರ್ನಾಟಕದಾಗ ಮದುವಿಯಾದ 100 ಹೆಣ್ಮಕ್ಕಳೊಳಗ
ಅರ್ಧಕ್ಕಿಂತ ಜಾಸ್ತಿ ಮಂದಿಗೆ ಅದ ಆಗೇತಿ.
ಗಂಡಸರು? 100ಕ್ಕ ಒಬ್ಬರೂ ಇಲ್ಲ!

ಆದ್ರ ಹೊಸಾ ಜೋಡಿಗೆ ಅದು ಹೆಂಗ ಆಗತೈತ್ರಿ?
ಕಬ್ಬಿಗೆ ನೀರು ಸಾಕಾತು ಅಂತ
ಕಾಲುವಿ ಮುಚ್ಚತೀರೇನು?
ಗೇಟ್ ಇಳಸ್ತೀರಿ. ಬೇಕಾದಾಗ ಎತ್ತತೀರಿ.

ಅಂಥಾ ಗೇಟ್ ಸರಕಾರಿ ದವಾಖಾನ್ಯಾಗ ಪುಕ್ಕಟ ಸಿಗತೈತಿ.

'ಅಂತರಾ'.
ಮೂರು ತಿಂಗಳಿಗೊಂದು ಇಂಜೆಕ್ಷನ್.
ಬಿಟ್ಟ ಮ್ಯಾಲ ಬಸಿರಾಗಾಕ ಕೆಲವು ತಿಂಗಳು ತಡ ಆಗಬಹುದು.
ಮಕ್ಕಳ ಆಗೂದಿಲ್ಲ ಅನ್ನೂದು ಸುಳ್ಳು.

'ಛಾಯಾ'.
ಹಾರ್ಮೋನ್ ಇಲ್ಲದ ಗುಳಿಗಿ,
ಲಖನೌ ವಿಜ್ಞಾನಿಗಳು ಕಂಡುಹಿಡಿದದ್ದು.
ಮೊದಲ ಮೂರು ತಿಂಗಳು ವಾರಕ್ಕ ಎರಡು,
ಆಮ್ಯಾಲ ವಾರಕ್ಕ ಒಂದು.
ಯಾವ ವಾರ ಯಾವ ಗುಳಿಗಿ?
ಪಾಕೀಟ್ ಹಿಡಕೊಂಡು ಆಶಾ ಅಕ್ಕನ್ನ ಕೇಳ್ರಿ.
ಒಂದೊಂದಕ್ಕೂ ಬೆರಳಿಟ್ಟು ತೋರಸ್ತಾರ.

ಇನ್ನ ಕಾಂಡೋಮ್.
ತಮ್ಮಂದಿರಾ, ಇದು ನಿಮ್ಮ ಪಾಲಿನ ಜವಾಬ್ದಾರಿ.
ಬಸಿರೂ ತಡೀತೈತಿ, ಎಚ್‌ಐವಿನೂ ತಡೀತೈತಿ.
ಎರಡನ್ನೂ ತಡಿಯೂದು ಇದೊಂದ.

ಹರಿದು ಹೋತಾ?
ತುರ್ತು ಗುಳಿಗಿ ಐತಿ. 72 ತಾಸಿನೊಳಗ.
ಎಷ್ಟು ಲಗೂ ತಗೋತೀರಿ, ಅಷ್ಟು ಚಲೋ.
ಇದು ಗರ್ಭಪಾತದ ಗುಳಿಗಿ ಅಲ್ಲರೀ!
ಈ ತಪ್ಪು ತಿಳುವಳಿಕಿಗೆ ಹೆದರಿ
ಎಷ್ಟೋ ಹುಡುಗ್ಯಾರು ಸುಮ್ಮ ಕುಂದರ್ತಾರ.
ಅದ ನನಗ ಭಾಳ ಸಂಕಟ.

ಇನ್ನೂ ಮದುವಿ ಆಗಿಲ್ಲ, ಆದ್ರ ಪ್ರಶ್ನೆ ಅದಾವ?
10ರಿಂದ 19 ವಯಸ್ಸಿನವ್ರಿಗೆ ಸರಕಾರಿ ದವಾಖಾನ್ಯಾಗ
'ಸ್ನೇಹಾ ಕ್ಲಿನಿಕ್' ಅಂತ ಐತಿ.
ಕೇಳಿದ್ದನ್ನ ಗುಟ್ಟಾಗಿ ಇಡೂದು ಅವರ ಕೆಲಸ.
ಯಾವ ದಿನ ತೆಗೀತಾರ, ನಿಮ್ಮೂರ ಆಶಾ ಅಕ್ಕನ್ನ ಕೇಳ್ರಿ.